ಕೈಗುಣ ಎಂದರೇನು?



ವಿಜಯಪುರ ಜಿಲ್ಲೆಯ ಆಲಮಟ್ಟಿ ಎಂದ ಕೂಡಲೆ ನಿಮ್ಮ ಕಣ್ಣ ಮುಂದೆ ಬರುವುದು ಕೃಷ್ಣಾ ನದಿಯ ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲು ಹಾಕಿದರು. ಇಂದು ಆ ಜಲಾಶಯಕ್ಕೆ ಅವರದೇ ಹೆಸರು. ಆದರೆ ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಅಣೆಕಟ್ಟಿನ ಬಗ್ಗೆ ಅಲ್ಲ. ಆ ಸೀಮೆಯ ಜನರ ಬಾಯಲ್ಲಿ ದಿನನಿತ್ಯ ಬಳಕೆಯಾಗುವ ಒಂದು ಶಬ್ದದ ಬಗ್ಗೆ. ಆ ಶಬ್ದ ‘ಕೈಗುಣ’.

ನಿಡಗುಂದಿಯ ಬಸ್ ನಿಲ್ದಾಣದಲ್ಲಿಯೋ, ಊರಿಗೆ ಮರಳುವ ಟಂಟಂನಲ್ಲಿಯೋ, ಮನೆಯ ಮುಂದಿನ ಕಟ್ಟೆಯ ಮೇಲೆಯೋ ದವಾಖಾನೆಗೆ ಹೋಗಿ ಬಂದವರ ಮಾತಿಗೆ ಸ್ವಲ್ಪ ಕಿವಿಗೊಡಿ. ಇಂಥ ಮಾತುಗಳು ಕೇಳಿಬರುತ್ತವೆ. “ಆ ಡಾಕ್ಟರ ಕೈಗುಣ ಭಾಳ ಚಲೋ ಐತಿ ನೋಡ್ರಿ, ಮಾತಾಡಿಸಿದ್ರನ ಅರ್ಧಾ ಬ್ಯಾನಿ ಹೋಗತೈತಿ” ಎನ್ನುತ್ತಾಳೆ ಒಬ್ಬ ಅಜ್ಜಿ. “ಮುಂಜಾನಿಂದ ಪಾಳಿ ಹಚ್ಚಿ ಕುಂತೆ ಯಕ್ಕಾ, ಮಾರಿ ಎತ್ತಿ ಸೈತ ನೋಡಲಿಲ್ಲ, ಚೀಟಿ ಬರದ ಕಳಿಸಿಬಿಟ್ರು” ಎನ್ನುತ್ತಾಳೆ ಇನ್ನೊಬ್ಬಾಕೆ. “ಎಂಥಾ ದವಾಖಾನಿ ಅದು? ನಾಕ ಗುಳಗಿ ಕೊಟ್ಟು ಕಳಿಸಿದ್ರು, ಒಂದ ಸೂಜಿ ಸೈತ ಮಾಡಲಿಲ್ಲ” ಎಂದು ಮೂರನೆಯವರು ಮೂಗು ಮುರಿಯುತ್ತಾರೆ.

ಈ ಮೂವರೂ ವೈದ್ಯಶಾಸ್ತ್ರ ಓದಿದವರಲ್ಲ. ಆದರೂ ಮೂವರೂ ತೀರ್ಪು ಕೊಟ್ಟಿದ್ದಾರೆ. ಆ ತೀರ್ಪಿನ ಮೇಲೆ ನಾಳೆ ಅವರ ಓಣಿಯ ಹತ್ತು ಮನೆಯವರು ಯಾವ ದವಾಖಾನೆಗೆ ಹೋಗಬೇಕೆಂಬುದು ನಿಶ್ಚಯವಾಗುತ್ತದೆ. ಹಾಗಾದರೆ ರೋಗಿಯಾದವನು ಆಸ್ಪತ್ರೆಯ ಗುಣಮಟ್ಟವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾನೆ? ಆ ಅಳತೆ ಎಲ್ಲಿ ಸರಿ, ಎಲ್ಲಿ ತಪ್ಪು? ಇದು ನಾವು ಇಂದು ವಿಚಾರ ಮಾಡಬೇಕಾದ ಪ್ರಶ್ನೆ.

“ರೋಗಿಗೇನು ಗೊತ್ತು? ಗುಣಮಟ್ಟ ತಿಳಿಯಬೇಕಾದವರು ತಜ್ಞರು” ಎಂದು ಕೆಲವರು ಹೇಳಬಹುದು. ಅಂಥವರಿಗೆ ಉತ್ತರವಾಗಿ ಯುರೋಪಿನ ಒಂದು ಹಳೆಯ ಸಂಗತಿಯನ್ನು ಹೇಳುತ್ತೇನೆ.

ಆಸ್ಟ್ರಿಯ ದೇಶದ ವಿಯೆನ್ನಾ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು. ಓದಿದವರಿದ್ದ ಮೊದಲನೆಯ ವಿಭಾಗವೇ ಮೇಲೆಂದು ಯಾರಾದರೂ ಭಾವಿಸಬಹುದು. ಆದರೆ ಆ ಊರಿನ ಬಡ ಹೆಂಗಸರು ಹಾಗೆ ಭಾವಿಸಲಿಲ್ಲ. ಮೊದಲನೆಯ ವಿಭಾಗಕ್ಕೆ ಹಾಕಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಹಾದಿಯಲ್ಲಿ ಹೆತ್ತರೂ ಸರಿ, ಅಲ್ಲಿ ಮಾತ್ರ ಬೇಡ ಎನ್ನುವಷ್ಟು ಭಯ ಅವರಲ್ಲಿತ್ತು. ಇದನ್ನು ಮೂಢ ಭಯವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಅಂಕಿಗಳು ಮಾತ್ರ ಬೇರೆಯೇ ಹೇಳುತ್ತಿದ್ದವು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ತೀರಿಕೊಂಡಿದ್ದರು. ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ.

ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯರು ಇದರ ಕಾರಣವನ್ನು 1847ರಲ್ಲಿ ಕಂಡುಹಿಡಿದರು. ಮೊದಲನೆಯ ವಿಭಾಗದ ವೈದ್ಯರು ಶವಪರೀಕ್ಷೆ ಮಾಡಿದ ಕೈಗಳಿಂದಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸುಣ್ಣ ಮತ್ತು ಕ್ಲೋರಿನ್ ಸೇರಿದ ದ್ರಾವಣದಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಸಾವು ಕೆಲವೇ ತಿಂಗಳಲ್ಲಿ ಇಳಿದುಹೋಯಿತು. ನೋಡಿ, ‘ಕೈಗುಣ’ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಕಾರಣವೇನೆಂಬುದು ಆ ಹೆಂಗಸರಿಗೆ ತಿಳಿದಿರಲಿಲ್ಲ. ಆದರೆ ಎಲ್ಲಿ ಕೇಡಿದೆ ಎಂಬುದು ಆಸ್ಪತ್ರೆಯ ದೊಡ್ಡವರಿಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು. ರೋಗಿಯ ಮಾತು ಬರಿಯ ದೂರಲ್ಲ, ಅದು ಒಂದು ಬಗೆಯ ಜ್ಞಾನ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಈಗ ಈ ವಿಷಯವನ್ನು ಸ್ವಲ್ಪ ಶಾಸ್ತ್ರೀಯವಾಗಿ ನೋಡೋಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಅವೆಡಿಸ್ ಡೊನಬೀಡಿಯನ್ ಎಂಬ ವೈದ್ಯ ವಿದ್ವಾಂಸರು 1966ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು ಅವರು ತೋರಿಸಿಕೊಟ್ಟರು. ಒಂದು, ಏನೇನು ಇದೆ? ಕಟ್ಟಡ, ಹಾಸಿಗೆ, ಔಷಧಿ, ಸಿಬ್ಬಂದಿ. ಎರಡು, ಏನೇನು ಮಾಡುತ್ತಾರೆ? ವಿಚಾರಿಸುವುದು, ಪರೀಕ್ಷಿಸುವುದು, ಚಿಕಿತ್ಸೆ ಕೊಡುವುದು, ತಿಳಿಸಿ ಹೇಳುವುದು. ಮೂರು, ಕೊನೆಗೆ ಏನಾಯಿತು? ರೋಗ ವಾಸಿಯಾಯಿತೆ, ತಾಯಿ ಮಗು ಸುಖವಾಗಿ ಮನೆಗೆ ಬಂದರೆ?

ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ತೆಗೆದುಕೊಳ್ಳಿ. ಹೊಸ ಕಟ್ಟಡವಿದೆ, ಗೋಡೆಗೆ ಬಣ್ಣವಿದೆ. ಆದರೆ ರಾತ್ರಿ ಬಾಗಿಲು ತೆರೆಯುವವರಿಲ್ಲದಿದ್ದರೆ ‘ಇರುವುದು’ ಇದ್ದೂ ‘ಮಾಡುವುದು’ ಇಲ್ಲವಾಯಿತು. ಇದಕ್ಕೆ ತಿರುವಾಗಿ ಹಳೆಯ ಕಟ್ಟಡದ ಚಿಕ್ಕ ಉಪಕೇಂದ್ರದಲ್ಲಿ ಒಬ್ಬ ನರ್ಸಬಾಯಿ ಪ್ರತಿ ಗರ್ಭಿಣಿಯ ರಕ್ತದೊತ್ತಡವನ್ನು ತಪ್ಪದೆ ನೋಡಿ, ಏರಿದ್ದನ್ನು ಗುರುತಿಸಿ, ವೇಳೆಗೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಗುಣಮಟ್ಟವಿದೆ. ಎರಡನ್ನೂ ಮೊದಲು ಅರಿಯುವವರು ಅಲ್ಲಿಗೆ ಹೋಗಿ ಬರುವ ಜನರೇ.

ಹಾಗಾದರೆ ರೋಗಿ ತನ್ನ ಕಣ್ಣಿನಿಂದ ಏನೇನನ್ನು ಅಳೆಯಬಲ್ಲ? ವಿಶ್ವ ಆರೋಗ್ಯ ಸಂಸ್ಥೆ 2000ನೆಯ ಇಸವಿಯ ತನ್ನ ವರದಿಯಲ್ಲಿ ಔಷಧೋಪಚಾರದ ಹೊರತಾಗಿ ಜನ ಆರೋಗ್ಯ ವ್ಯವಸ್ಥೆಯಿಂದ ಬಯಸುವ ಸಂಗತಿಗಳನ್ನು ಹೆಸರಿಸಿತು. ಘನತೆಯಿಂದ ನಡೆಸಿಕೊಳ್ಳುವುದು, ಗುಟ್ಟು ಕಾಯುವುದು, ತನ್ನ ಚಿಕಿತ್ಸೆಯ ವಿಷಯದಲ್ಲಿ ತನಗೂ ಮಾತಿರುವುದು, ತಡವಿಲ್ಲದೆ ಗಮನ ಕೊಡುವುದು, ಸ್ವಚ್ಛ ಪರಿಸರ, ಮನೆಯವರ ಆಸರೆ, ಯಾರಲ್ಲಿಗೆ ಹೋಗಬೇಕೆಂಬ ಆಯ್ಕೆ. ಈ ಪಟ್ಟಿಯನ್ನು ಓದಿದಾಗ ನಮ್ಮ ಅಜ್ಜಿಯ ಮಾತು ನೆನಪಾಗದಿರದು. “ಮಾತಾಡಿಸಿದ್ರನ ಅರ್ಧಾ ಬ್ಯಾನಿ ಹೋಗತೈತಿ” ಎಂದು ಆಕೆ ಹೇಳಿದ್ದು ಇದನ್ನೇ ಅಲ್ಲವೆ?

‘ಮಾರಿ ಎತ್ತಿ ನೋಡಲಿಲ್ಲ’ ಎಂಬ ಎರಡನೆಯ ಮಾತನ್ನೂ ಲಘುವಾಗಿ ಕಾಣಬಾರದು. ಅನೇಕ ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆಂಬ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಒಂದು ವರದಿ ಹೊರಬಂದಿತು. ಸ್ವೀಡನ್ನಿನಲ್ಲಿ ಅದು ಸರಾಸರಿ 22 ನಿಮಿಷಕ್ಕೂ ಹೆಚ್ಚು. ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು! ಇಷ್ಟು ಹೊತ್ತಿನಲ್ಲಿ ಜ್ವರ ಎಂದಿನಿಂದ ಬಂದಿದೆ, ಮೊದಲೇ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುವುದು ಹೇಗೆ? ಮುಖ ನೋಡದೆ ಬರೆದ ಚೀಟಿ ತಪ್ಪು ಚೀಟಿಯಾಗುವ ಸಂಭವವೂ ಹೆಚ್ಚು. ಆದ್ದರಿಂದ ಸೌಜನ್ಯವೆಂಬುದು ಚಿಕಿತ್ಸೆಗೆ ಮೇಲೆ ಹಚ್ಚಿದ ಬಣ್ಣವಲ್ಲ, ಅದು ಚಿಕಿತ್ಸೆಯದೇ ಒಂದು ಭಾಗ.

ಆಲಮಟ್ಟಿಯಂಥ ಊರಿನವರಿಗೆ ಈ ತೀರ್ಪಿನ ಬೆಲೆ ಏನೆಂಬುದನ್ನು ಯೋಚಿಸಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನಂಬಿಕೆ ಹೋದರೆ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಬಾಗಲಕೋಟೆ. ಎರಡೂ ಜಿಲ್ಲಾ ಕೇಂದ್ರಗಳು, ಎರಡು ಊರುಗಳಲ್ಲಿಯೂ ದೊಡ್ಡ ಆಸ್ಪತ್ರೆಗಳಿವೆ. ಆದರೆ ಹೋಗಿ ಬರಲು ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವವರ ಕೂಲಿಯೂ ಹೋಯಿತು, ಬಸ್ಸು ರೈಲಿನ ಖರ್ಚು ಬೇರೆ. ಜಲಾಶಯದ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದ ಕುಟುಂಬಗಳೂ ಈ ಭಾಗದಲ್ಲಿ ಬಹಳ. ಊರು ಬದಲಾದಾಗ ಹೊಲ ಮನೆಯಷ್ಟೇ ಹೋಗುವುದಿಲ್ಲ, ನಂಬಿಕೆಯ ಕೈಗಳೂ ಹಿಂದೆ ಉಳಿಯುತ್ತವೆ. ಹೊಸ ಜಾಗದಲ್ಲಿ ಯಾರನ್ನು ನಂಬಬೇಕೆಂಬುದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಬೆಲೆ ತೆರುವವಳು ಬಸುರಿ ಹೆಣ್ಣುಮಗಳು. ಕರ್ನಾಟಕದಲ್ಲಿ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತು. ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ಇವೆಲ್ಲ ಅದಕ್ಕೆ ನೆರವಾದವು. ಇದು ಹೆಮ್ಮೆಪಡಬೇಕಾದ ಬದಲಾವಣೆ. ಆದರೆ ಇದರಿಂದ ಪ್ರಶ್ನೆಯೂ ಬದಲಾಯಿತು. ಮೊದಲು ‘ಆಕೆ ಆಸ್ಪತ್ರೆಗೆ ಬಂದಳೆ?’ ಎಂದು ಕೇಳುತ್ತಿದ್ದೆವು. ಈಗ ‘ಬಂದವಳಿಗೆ ಅಲ್ಲಿ ಏನು ಸಿಕ್ಕಿತು?’ ಎಂದು ಕೇಳಬೇಕಾಗಿದೆ. ಹೆರಿಗೆ ನೋವಿನಲ್ಲಿ ಕೂಗಿದ್ದಕ್ಕೆ ಬೈಸಿಕೊಂಡ ತಾಯಿ ಮುಂದಿನ ಸಲ “ಬ್ಯಾನಿ ಇನ್ನೂ ಸಣ್ಣಗೈತಿ, ತಡೀರಿ” ಎಂದು ಮನೆಯಲ್ಲಿಯೇ ಕೂಡಬಹುದು. ರಕ್ತಸ್ರಾವವಾದರೆ ಒಂದೆರಡು ತಾಸಿನ ಆ ತಡವೇ ಜೀವಕ್ಕೆ ಮುಳುವಾಗುತ್ತದೆ. ಆಸ್ಪತ್ರೆಯ ಒಂದು ಬಿರುಸು ಮಾತು ಹೀಗೆ ವರ್ಷಗಳ ಮೇಲೆ ಬೇರೊಂದು ಕಡೆ ಸಾವಾಗಿ ಬರಬಹುದು.

ಗುಣಮಟ್ಟದ ಕೊರತೆ ಎಷ್ಟು ದೊಡ್ಡದೆಂಬುದನ್ನು 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಬಳಗ ನೇಮಿಸಿದ ಒಂದು ಅಂತರರಾಷ್ಟ್ರೀಯ ಆಯೋಗ ಲೆಕ್ಕ ಹಾಕಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ, ಆಸ್ಪತ್ರೆಗೆ ಬರದೆ ಸತ್ತವರು ವರ್ಷಕ್ಕೆ ಸುಮಾರು 36 ಲಕ್ಷ. ಆಸ್ಪತ್ರೆಗೆ ಬಂದೂ ಒಳ್ಳೆಯ ಆರೈಕೆ ದೊರೆಯದೆ ಸತ್ತವರು ಸುಮಾರು 50 ಲಕ್ಷ. ಬಾಗಿಲವರೆಗೆ ಬಂದವರನ್ನು ಕಳೆದುಕೊಳ್ಳುವುದು ಎಂದರೆ ಇದೇ.

ಇನ್ನು ಮೂರನೆಯವರ ಮಾತಿಗೆ ಬರೋಣ. “ಒಂದ ಸೂಜಿ ಸೈತ ಮಾಡಲಿಲ್ಲ.” ಇಲ್ಲಿ ರೋಗಿಯ ಅಳತೆಗೋಲು ತಪ್ಪುತ್ತದೆ. ಏಕೆಂದರೆ ಗುಣಮಟ್ಟದ ಒಂದು ದೊಡ್ಡ ಪಾಲು ಕಣ್ಣಿಗೆ ಕಾಣುವುದಿಲ್ಲ. ಆಲಮಟ್ಟಿಗೆ ಪ್ರವಾಸ ಹೋದವರು ಅಣೆಕಟ್ಟಿನ 26 ಗೇಟುಗಳನ್ನು ನೋಡಿ ಬೆರಗಾಗುತ್ತಾರೆ. ಆದರೆ ಇಂಥ ಅಣೆಕಟ್ಟುಗಳ ಆರೋಗ್ಯವನ್ನು ಎಂಜಿನಿಯರುಗಳು ಗೇಟು ನೋಡಿ ಹೇಳುವುದಿಲ್ಲ. ಕಟ್ಟೆಯ ಒಡಲಲ್ಲಿ ನೀರು ಎಷ್ಟು ಜಿನುಗುತ್ತಿದೆ ಎಂಬುದನ್ನು ಅಳೆದು ಹೇಳುತ್ತಾರೆ. ಆಸ್ಪತ್ರೆಯಲ್ಲಿಯೂ ಹಾಗೆಯೇ. ಸೂಜಿ, ಸಲಾಯಿನ್ ಬಾಟಲಿ, ಬಣ್ಣಬಣ್ಣದ ಗುಳಗಿ ಇವು ಗೇಟುಗಳಿದ್ದಂತೆ. ರೋಗವನ್ನು ಸರಿಯಾಗಿ ಗುರುತಿಸಿದರೆ, ಕೈ ತೊಳೆದರೆ, ಸೂಜಿ ಹೊಸದೇ, ಔಷಧಿ ಬೇಕಾದಷ್ಟೇ ಕೊಟ್ಟರೆ ಎಂಬುದು ಒಳಗಿನ ಜಿನುಗು.

ಸಾಮಾನ್ಯ ನೆಗಡಿಗೆ ಸೂಜಿಯೂ ಬೇಕಿಲ್ಲ, ಆ್ಯಂಟಿಬಯೋಟಿಕ್ ಗುಳಿಗೆಯೂ ಬೇಕಿಲ್ಲ. “ಬೇಡ” ಎಂದು ಹೇಳಿ ಕಳಿಸುವ ವೈದ್ಯರೇ ಅಲ್ಲಿ ಒಳ್ಳೆಯ ವೈದ್ಯರು. ವಾಂತಿ ಭೇದಿಯ ಮಾತೂ ಹೀಗೆಯೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲಾಯಿನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಂದು ಓ.ಆರ್.ಎಸ್. ಪುಡಿ ಎಂದು ನೀವು ಬಲ್ಲಿರಿ. ತೀರ ಬಳಲಿದವರಿಗೆ ಸಲಾಯಿನ್ ಬೇಕೇ ಬೇಕು, ನಿಜ. ಆದರೆ ಕುಡಿಯಬಲ್ಲವರಿಗೆ ಒಂದು ಲೋಟ ಓ.ಆರ್.ಎಸ್. ಕೊಟ್ಟ ದವಾಖಾನೆಯನ್ನು ‘ಏನೂ ಮಾಡಲಿಲ್ಲ’ ಎಂದು ಹಳಿಯುವುದು ನ್ಯಾಯವಲ್ಲ. ನಾವು ಹೀಗೆ ಹಳಿದಷ್ಟೂ ಬೇಡದ ಸೂಜಿ ಹಾಕುವವರ ಮುಂದೆ ಪಾಳಿ ಬೆಳೆಯುತ್ತದೆ.

ಆದ್ದರಿಂದ ಮಿತ್ರರೆ, ಎರಡು ಕೆಲಸಗಳಿವೆ. ರೋಗಿ ಕಂಡದ್ದನ್ನು ಆಸ್ಪತ್ರೆ ಕೇಳಬೇಕು. ರೋಗಿಗೆ ಕಾಣದ್ದನ್ನು ಕೇಳಿ ತಿಳಿಯಲು ರೋಗಿ ಕಲಿಯಬೇಕು.

ಮೊದಲನೆಯ ಕೆಲಸಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ಪರೀಕ್ಷೆಯಾದ ಮೇಲೆ ನಿಮಗೆ ಅಂಕಪಟ್ಟಿ ಬರುತ್ತದೆಯಷ್ಟೆ? 1993ರಲ್ಲಿ ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರು ನಾಗರಿಕರಿಂದಲೇ ಸಾರ್ವಜನಿಕ ಸಂಸ್ಥೆಗಳಿಗೆ ಅಂಕ ಕೊಡಿಸಿದರು. ನೀರು, ವಿದ್ಯುತ್ತು, ದೂರವಾಣಿ ಇವುಗಳ ಜೊತೆಗೆ ಸರಕಾರಿ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿದ್ದವು. ಮುಂದೆ ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆ ನಗರಪಾಲಿಕೆಯ ಹೆರಿಗೆ ಆಸ್ಪತ್ರೆಗಳ ಬಗ್ಗೆಯೂ ಬಡ ತಾಯಂದಿರನ್ನು ವಿಚಾರಿಸಿತು. ಉಚಿತವಾಗಿ ಸಿಗಬೇಕಾದ ಸೇವೆಗೆ ಅವರು ಲಂಚ ಕೊಡಬೇಕಾಗುತ್ತಿದ್ದ ಸಂಗತಿ ಆಗ ಎಲ್ಲರೆದುರು ಬಂದಿತು. ಒಬ್ಬಳು ಹೇಳಿದರೆ ಅದು ಗೊಣಗಾಟ, ನೂರು ಜನ ಹೇಳಿದ್ದನ್ನು ಬರೆದಿಟ್ಟರೆ ಅದು ದಾಖಲೆ. ಈ ಮಾತನ್ನು ನೆನಪಿಡಿ.

ಕೇಂದ್ರ ಸರಕಾರವೂ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯ ಮೂಲಕ ರೋಗಿಗಳ ಅಭಿಪ್ರಾಯ ಕೇಳಲು ಆರಂಭಿಸಿತು. ತೃಪ್ತಿಯಿಲ್ಲವೆಂದವರಿಗೆ ಕಾರಣವನ್ನೂ ಕೇಳಲಾಗುತ್ತದೆ. ಸಿಬ್ಬಂದಿಯ ನಡತೆಯೆ, ಸ್ವಚ್ಛತೆಯೆ, ಖರ್ಚೆ, ಚಿಕಿತ್ಸೆಯೆ? ಅದೇ ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಹೆಣ್ಣೊಬ್ಬಳು ಸಂಗಾತಿಯಾಗಿ ತಾಯಿಯ ಬಳಿ ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ ತಿಳಿಸಿತು. ನಿಮ್ಮ ಅಕ್ಕನೋ ಅತ್ತಿಗೆಯೋ ಹೆರಿಗೆಗೆ ಹೋಗುವಾಗ ಈ ವಿಷಯವನ್ನು ಮನೆಯಲ್ಲಿ ಹೇಳಿ. ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ರೋಗಿಗಳ ಹಕ್ಕಿನ ಸನ್ನದು ಸೇರಿತು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಗೆ ಗ್ರಾಹಕ ರಕ್ಷಣೆಯ ಕಾನೂನು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಷ್ಟು ಹಿಂದೆಯೇ ತೀರ್ಪಿತ್ತಿತ್ತು. ಎಲ್ಲರಿಗೂ ಪೂರ್ತಿ ಉಚಿತ ಸೇವೆ ಕೊಡುವ ಆಸ್ಪತ್ರೆಗಳು ಮಾತ್ರ ಅದರ ಹೊರಗೆ ಉಳಿದವು.

ಎರಡನೆಯ ಕೆಲಸ ನಿಮ್ಮದು. ಹಳ್ಳಿಯ ಮನೆಗಳಲ್ಲಿ ಅಜ್ಜ ಅಜ್ಜಿಯರ ಜೊತೆಗೆ ಚೀಟಿ ಓದಲೆಂದು ಹೋಗುವವರು ಶಾಲೆ ಕಾಲೇಜು ಓದುವ ನೀವೇ ತಾನೆ? ಮುಂದಿನ ಸಲ ಹೋದಾಗ ಐದು ಮಾತುಗಳನ್ನು ವಿನಯದಿಂದ ಕೇಳಿ. ಇದು ಯಾವ ರೋಗವಿರಬಹುದು? ಈ ಔಷಧಿ ಯಾತಕ್ಕೆ, ಎಷ್ಟು ದಿನ? ಸೂಜಿಯಾಗಲಿ ಪರೀಕ್ಷೆಯಾಗಲಿ ನಿಜವಾಗಿ ಅಗತ್ಯವೆ? ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕು? ಇಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುವ ಕಡೆ ಕಾಣದ ಗುಣಮಟ್ಟವೂ ಇರುವ ಸಂಭವ ಹೆಚ್ಚು. ಉತ್ತರಗಳನ್ನು ಚೀಟಿಯ ಹಿಂದೆ ಬರೆದುಕೊಳ್ಳಿ, ಮನೆಗೆ ಬಂದು ಅಜ್ಜಿಗೆ ಅವಳ ಮಾತಿನಲ್ಲಿ ತಿಳಿಸಿ.

ತೀರ್ಪು ಕೊಡುವಾಗ ನ್ಯಾಯವೂ ಇರಲಿ. ಹೊರಗೆ ನೂರು ಜನರ ಪಾಳಿ, ಒಳಗೆ ಒಬ್ಬರೇ ವೈದ್ಯರು. ರಾತ್ರಿಯೆಲ್ಲ ಎಚ್ಚರವಿದ್ದು ಒಬ್ಬಳೇ ಎರಡು ಹೆರಿಗೆ ನೋಡಿದ ನರ್ಸಬಾಯಿ. ಅವರ ಸಿಡುಕಿನ ಹಿಂದೆ ಖಾಲಿ ಬಿದ್ದ ಹುದ್ದೆಯೊಂದು ಇರಬಹುದು. ಹಾಗೆಂದು ಸಿಡುಕು ಸರಿಯೆಂದಲ್ಲ. ಯಾರನ್ನು ಕೇಳಬೇಕೆಂಬುದು ಮಾತ್ರ ಬದಲಾಗುತ್ತದೆ. ಆ ನರ್ಸಬಾಯಿಯೊಡನೆ ಜಗಳವಾಡುವುದಕ್ಕಿಂತ ಆರೋಗ್ಯ ರಕ್ಷಾ ಸಮಿತಿಗೆ, ಗ್ರಾಮಸಭೆಗೆ “ಇಲ್ಲಿ ಇನ್ನೊಬ್ಬರು ಬೇಕು” ಎಂದು ಬರೆದು ಕೊಡುವುದು ಮೇಲು. ಚೆನ್ನಾಗಿ ನೋಡಿಕೊಂಡವರಿಗೆ “ಉಪಕಾರ ಆತ್ರಿ” ಎಂಬ ಮಾತನ್ನೂ ಮರೆಯಬೇಡಿ. ಅದೂ ಒಂದು ಅಂಕವೇ.

ಅಜ್ಜಿ ಹೇಳುವ ಕೈಗುಣ ಹಣೆಬರಹವಲ್ಲ, ಹುಟ್ಟಿನಿಂದ ಬಂದ ವರವೂ ಅಲ್ಲ. ತೊಳೆದ ಕೈ, ಕೇಳುವ ಕಿವಿ, ಸರಿಯಾದ ಔಷಧಿ, ತಡವಿಲ್ಲದ ನೆರವು, ಮೆತ್ತನೆಯ ಮಾತು ಇವೆಲ್ಲ ಕೂಡಿದಾಗ ಅದು ಹುಟ್ಟುತ್ತದೆ. ಕೂಡಿಸಲು ಬರುವುದರಿಂದಲೇ ಎಲ್ಲ ದವಾಖಾನೆಗಳಿಂದಲೂ ಅದನ್ನು ಕೇಳುವ ಅಧಿಕಾರ ನಮಗಿದೆ. ಮುಂದಿನ ಸಲ ನಿಮ್ಮ ಅಜ್ಜಿ “ಕೈಗುಣ ಚಲೋ ಐತಿ” ಎಂದಾಗ ನಕ್ಕು ಸುಮ್ಮನಾಗಬೇಡಿ. “ಯಾಕ ಹಂಗ ಅನಸ್ತು, ಆಯಿ?” ಎಂದು ಕೇಳಿ. ಆಕೆ ಹೇಳುವುದನ್ನು ಬರೆದಿಟ್ಟುಕೊಳ್ಳಿ.